ಸಿಸ್ಟ್

ಗ್ರೀಕಿನ ‘ಕಿಸ್ಟಿಸ್’ ಎಂದರೆ ಚೀಲ, ಮೂತ್ರಕೋಶ. ಲ್ಯಾಟಿನ್, ಇಂಗ್ಲಿಷ್ ದಾಟಿ ನಮ್ಮಲ್ಲಿಗೆ ಬಂದ ಈ ಪದ ದ್ರವ ತುಂಬಿದ, ತೆಳುಗೋಡೆಯ ಪುಟ್ಟ ಚೀಲಕ್ಕೆ ಹೆಸರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯ ಮಾತಿನಲ್ಲಿ ‘ನೀರಿನ ಗುಳ್ಳಿ’ ಎಂದರೆ ಸಾಕು, ಅರ್ಥ ಮುಟ್ಟುತ್ತದೆ. ಕೂಸಿನ ಸ್ಕ್ಯಾನ್ ವರದಿಯಲ್ಲಿ ಈ ಪದ ಕಂಡಾಗ ದಯವಿಟ್ಟು ‘ಗಡ್ಡಿ’ ಎನ್ನಬೇಡಿ. ಗಡ್ಡೆ ಎಂದೊಡನೆ ಬಾಣಂತಿಗೆ ನೆನಪಾಗುವುದು ಕ್ಯಾನ್ಸರ್.

ಕೂಸಿನ ಮಿದುಳಿನ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುವುದು ನೆತ್ತಿಯ ಮೂಲಕ. ಅಲ್ಲಿ ಎಲುಬು ಇನ್ನೂ ಕೂಡಿರುವುದಿಲ್ಲ, ಶಬ್ದತರಂಗ ಸಲೀಸಾಗಿ ಒಳಹೋಗುತ್ತದೆ. ದ್ರವ ಶಬ್ದವನ್ನು ಮರಳಿಸದ ಕಾರಣ ಸಿಸ್ಟ್ ಪರದೆಯ ಮೇಲೆ ಕಪ್ಪಾಗಿ ಕಾಣುತ್ತದೆ.

ವರದಿ ಕೈಗೆ ಬಂದಾಗ ‘ಸಿಸ್ಟ್’ಗಿಂತ ಅದರ ಹಿಂದಿನ ಪದವನ್ನು ವೈದ್ಯರಿಂದ ಬಿಡಿಸಿ ಕೇಳಬೇಕು. ‘ಕೋರಾಯ್ಡ್ ಪ್ಲೆಕ್ಸಸ್’ ಎಂದಿದ್ದರೆ, ಮಿದುಳಿನ ದ್ರವ ತಯಾರಾಗುವ ಜಾಲದಲ್ಲಿನ ಗುಳ್ಳೆ. ಬೇರೆ ತೊಂದರೆಯಿಲ್ಲದ ಕೂಸಿನಲ್ಲಿ ಇಂಥ ಒಂಟಿ ಗುಳ್ಳೆ ಸಾಮಾನ್ಯವಾಗಿ ನಿರಪಾಯಕಾರಿ. ಕೆಲವು ತಿಂಗಳಲ್ಲಿ ತಾನಾಗಿ ಕರಗುತ್ತದೆ. ದಿನ ತುಂಬುವ ಮುನ್ನ ಹುಟ್ಟಿದ ಕೂಸಿನ ಮಿದುಳಿನ ಬಿಳಿಭಾಗಕ್ಕೆ ಪೆಟ್ಟಾಗಿ ಉಳಿಯುವ ಸಿಸ್ಟ್ ಬೇರೆಯದು. ಅಂಥ ಕೂಸಿನ ಬೆಳವಣಿಗೆಯ ಮೇಲೆ ವೈದ್ಯರ ನಿಗಾ ಬೇಕು.