ಊರು ತಿಳಿಯದ ಲಂಬಾಣಿ ಬಟ್ಟೆ

ಬಿದ್ರಿಯ ಹೂಜಿ ಯಾವ ದೇಶದ ಪ್ರದರ್ಶನಕ್ಕೆ ಹೋದರೂ ಅದರ ಊರು ಯಾವುದೆಂದು ಯಾರೂ ಕೇಳುವುದಿಲ್ಲ. ಬೀದರ್ ಅದರ ಹೆಸರಿನಲ್ಲಿಯೇ ಇದೆ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಿದ್ರಿ ಸಾಮಾನುಗಳಿದ್ದವು. 2006ರಲ್ಲಿ ಈ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಅದೇ ಜಿಲ್ಲೆಯ ಔರಾದ್, ಭಾಲ್ಕಿ ಕಡೆಯ ತಾಂಡಾಗಳಲ್ಲಿ ಲಂಬಾಣಿ ಹೆಂಗಸರು ಕನ್ನಡಿ, ಕವಡೆ ಕೂಡಿಸಿ ಹೊಲಿದ ಫೇಟಿಯಾ ಎಂಬ ಲಂಗಕ್ಕೂ ಕಾಂಚಳಿ ಎಂಬ ರವಿಕೆಗೂ ಆ ಭಾಗ್ಯವಿಲ್ಲ. ಅಂಥದೊಂದು ಹಳೆಯ ಬಟ್ಟೆ ಸಂಗ್ರಾಹಕರ ಜವಳಿ ಪ್ರದರ್ಶನಕ್ಕೆ ಬಂದರೆ, ಆಯ್ಕೆ ಸಮಿತಿಯ ಮುಂದೆ ಮೊದಲು ಏಳುವ ಪ್ರಶ್ನೆ, ಇದು ಎಲ್ಲಿಯದು ಎಂಬುದೇ.

ಇಂಥ ಸಮಿತಿಗಳು ಕೆಲಸ ಮಾಡುವ ಬಗೆ ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ. ಸಂಗ್ರಾಹಕರಿಂದ ಮೊದಲು ತರಿಸಿಕೊಳ್ಳುವುದು ಛಾಯಾಚಿತ್ರ ಮತ್ತು ಅಳತೆಗಳನ್ನು. ಅದರಲ್ಲಿ ಉಳಿದುಕೊಂಡ ಬಟ್ಟೆಗಳನ್ನು ಕೈಗೆತ್ತಿಕೊಂಡು ನೋಡುವುದು ಎರಡನೆಯ ಸುತ್ತು. ಆಗ ಬಟ್ಟೆಯನ್ನು ತಿರುವಿ ಹಾಕುತ್ತಾರೆ. ತೇಪೆ, ಹೊಸ ದಾರ, ಯಂತ್ರದ ಹೊಲಿಗೆ ಎಲ್ಲ ಕಾಣಿಸುವುದು ಹಿಂಬದಿಯಲ್ಲಿ. ಬಣ್ಣವೂ ಒಂದು ಸಾಕ್ಷಿ. ಪರ್ಕಿನ್ ಎಂಬ ಇಂಗ್ಲಿಷ್ ತರುಣ ಕೃತಕ ನೇರಳೆ ಬಣ್ಣವನ್ನು ಕಂಡುಹಿಡಿದದ್ದು 1856ರಲ್ಲಿ. ಅಂಥ ಬಣ್ಣದ ದಾರವಿರುವ ಕಸೂತಿ ಅದಕ್ಕಿಂತ ಹಳೆಯದೆಂದು ಮಾಲೀಕರು ಎಷ್ಟೇ ಹೇಳಿದರೂ ಒಪ್ಪುವಂತಿಲ್ಲ. ತೂಗುಹಾಕಿದರೆ ಬಟ್ಟೆ ತಾಳುತ್ತದೆಯೇ ಎಂಬುದನ್ನೂ ನೋಡಬೇಕು. ಹಳೆಯ ಜವಳಿಯ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ವಸ್ತುಸಂಗ್ರಹಾಲಯಗಳ ರೂಢಿ. ಇನ್ನೊಂದು ಮುಜುಗರದ ಸಂಗತಿಯಿದೆ. ಸಮಿತಿಯಲ್ಲಿ ಕೂತವರೂ ಎಷ್ಟೋ ವೇಳೆ ಸಂಗ್ರಾಹಕರೇ ಅಥವಾ ವ್ಯಾಪಾರಿಗಳೇ. ಕ್ಯಾಟಲಾಗಿನಲ್ಲಿ ಚಿತ್ರ ಅಚ್ಚಾದರೆ ಬಟ್ಟೆಯ ಬೆಲೆ ಏರುತ್ತದೆ. ತಮ್ಮ ವಸ್ತು ಚರ್ಚೆಗೆ ಬಂದಾಗ ಸದಸ್ಯರು ಎದ್ದು ಹೊರಗೆ ಹೋಗುವುದೇ ಮರ್ಯಾದೆ.

ನಮ್ಮ ದೇಶದಲ್ಲಿ ಆಯ್ಕೆಯ ನಿಯಮಗಳನ್ನು ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದದ್ದು 1902-03ರ ದೆಹಲಿ ಕಲಾ ಪ್ರದರ್ಶನ. ಅದರ ನಿರ್ದೇಶಕ ಜಾರ್ಜ್ ವಾಟ್ ಮತ್ತು ಸಹಾಯಕ ಪರ್ಸಿ ಬ್ರೌನ್ ಊರೂರು ಸುತ್ತಿ ವಸ್ತುಗಳನ್ನು ಆರಿಸಿದರು. ಯುರೋಪಿನ ಅನುಕರಣೆಯಾಗಿರುವ ಯಾವುದೂ ಒಳಗೆ ಬರಕೂಡದೆಂಬುದು ವೈಸ್‌ರಾಯ್ ಕರ್ಜನ್‌ನ ಕಟ್ಟಪ್ಪಣೆ. ಮಾರಾಟದ ಸರಕಿಗೆ ಒಂದು ಕಡೆ, ಅರಮನೆಗಳಿಂದಲೂ ಸಂಗ್ರಾಹಕರಿಂದಲೂ ಎರವಲು ತಂದ ಹಳೆಯ ವಸ್ತುಗಳಿಗೆ ಇನ್ನೊಂದು ಕಡೆ ಜಾಗ ಮಾಡಿದ್ದರು. ಬಿದ್ರಿ ಅಲ್ಲಿಯೂ ಇತ್ತು. ಆದರೆ ಕಸೂತಿಯನ್ನು ವಾಟ್ ವಿಂಗಡಿಸಿದ್ದು ಪ್ರಾಂತ್ಯದ ಪ್ರಕಾರವಲ್ಲ, ಹೊಲಿಗೆಯ ಬಗೆಯ ಪ್ರಕಾರ. ಇದು ಜಾಣತನವೇ ಸರಿ. ಊರಿಂದೂರಿಗೆ ನಡೆಯುತ್ತಲೇ ಬದುಕಿದವರ ಕಸೂತಿಗೆ ಹೊಲಿಗೆಗಿಂತ ನಂಬಿಕಸ್ಥ ವಿಳಾಸ ಬೇರೆ ಇಲ್ಲ.

ಲಂಬಾಣಿಗರು ಹಾಗೆ ಬದುಕಿದವರು. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದಖ್ಖನಿನ ಉದ್ದಗಲ ಸಾಗಿದವರು, ಮೊಗಲರ ದಂಡಿಗೂ ದವಸ ಒದಗಿಸಿದವರು. ರೈಲು ಬಂದ ಮೇಲೆ ಆ ಸಾಗಾಣಿಕೆ ಕಮರಿತು, ತಾಂಡಾಗಳು ನೆಲೆ ನಿಂತವು. ಹೀಗೆ ನೆಲೆಸಿದವರ ಬೀದರ್ ಜಿಲ್ಲೆ ಆಗ ನಿಜಾಮರ ಸಂಸ್ಥಾನದಲ್ಲಿತ್ತು. 1956ರಲ್ಲಿ ಅದು ಮೂರು ಪಾಲಾಯಿತು: ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರಿಗೆ, ಉದಗೀರ್, ನಿಲಂಗಾ, ಅಹಮದ್‌ಪುರ ಮುಂಬಯಿಗೆ, ಜಹೀರಾಬಾದ್, ನಾರಾಯಣಖೇಡ್ ಆಂಧ್ರಕ್ಕೆ. ಬೀಗತನಗಳು ಈ ಗಡಿ ಕೇಳಿ ನಡೆಯುವುದಿಲ್ಲ. ಔರಾದಿನ ತಾಂಡಾದಲ್ಲಿ ಹೊಲಿದ ಕಾಂಚಳಿ ಮದುಮಗಳೊಂದಿಗೆ ಉದಗೀರ್ ಕಡೆಗೆ ಹೋಗಿ, ಹೈದರಾಬಾದಿನ ಅಂಗಡಿಯಲ್ಲಿ ಮಾರಾಟವಾದರೆ ಚೀಟಿಯ ಮೇಲೆ ಬೀಳುವುದು ಅಂಗಡಿಯವನು ಹೇಳಿದ ಊರು. 1930ರಲ್ಲಿ ಹೊಲಿದ ಬಟ್ಟೆಗೆ 'ಕರ್ನಾಟಕ' ಎಂದೋ 'ಮಹಾರಾಷ್ಟ್ರ' ಎಂದೋ ಬರೆಯುವುದಂತೂ ಇನ್ನೂ ವಿಚಿತ್ರ.

ಎರಡನೆಯ ತೊಡಕು ಬಟ್ಟೆಯ ಬಾಳಿಕೆಯದು. ಲಂಗ ಹರಿದರೆ ಕನ್ನಡಿ ಕೂಡಿಸಿದ ಪಟ್ಟಿಯನ್ನು ಬಿಚ್ಚಿ ಹೊಸ ಲಂಗಕ್ಕೆ ಹೊಲಿಯುತ್ತಾರೆ. ಅಜ್ಜಿಯ ಪಟ್ಟಿ, ತಾಯಿಯ ನೆರಿಗೆ, ಮಗಳ ಅಂಚು ಒಂದೇ ಬಟ್ಟೆಯಲ್ಲಿ ಸೇರಿರಬಹುದು. ಮೂಲರೂಪ ಕೆಡಬಾರದೆಂಬ ನಿಯಮ ಹಿಡಿದ ಸಮಿತಿ ಇದನ್ನು ತಿರಸ್ಕರಿಸುತ್ತದೆ. ವ್ಯಾಪಾರಿಗಳು ಹತ್ತು ಬಟ್ಟೆಯ ತುಂಡು ಕೂಡಿಸಿ ಮಾಡುವ ಗೋಡೆಯ ಅಲಂಕಾರಕ್ಕೂ ತಾಂಡಾದ ಈ ಮರುಹೊಲಿಗೆಗೂ ಇರುವ ವ್ಯತ್ಯಾಸ ತಿಳಿಯದ ಸಮಿತಿಯಿಂದ ಇಂಥ ಬಟ್ಟೆಗೆ ನ್ಯಾಯ ದೊರೆಯುವುದಿಲ್ಲ. ವ್ಯತ್ಯಾಸ ಗುರುತಿಸಲು ದಾರದ ವಯಸ್ಸು ಸಾಲದು, ಉಟ್ಟವರನ್ನು ಕೇಳಬೇಕು. ಸಮಿತಿಯಲ್ಲಿ ಒಬ್ಬ ಲಂಬಾಣಿ ಹೆಂಗಸಿದ್ದರೆ ಎಷ್ಟೋ ವಾದ ಐದು ನಿಮಿಷದಲ್ಲಿ ಮುಗಿದೀತು.

ಬಳ್ಳಾರಿ ಸೀಮೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. 2023ರ ಜುಲೈಯಲ್ಲಿ ಜಿ-20 ಸಭೆಗಾಗಿ ಹಂಪಿಯಲ್ಲಿ ಅಲ್ಲಿನ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಅವೆಲ್ಲ ಹೊಸವು, ಮಾಡಿದ ಊರು ತಿಳಿದಂಥವು. ಔರಾದ್, ಭಾಲ್ಕಿ ಕಡೆಯ ಪೆಟ್ಟಿಗೆಗಳಲ್ಲಿ ಉಳಿದಿರುವ ಹಳೆಯ ಬಟ್ಟೆಗಳ ವಿಷಯದಲ್ಲಿ, ಹೊಲಿದವಳ ಮಗಳೋ ಸೊಸೆಯೋ ಬದುಕಿರುವಾಗಲೇ ಬರೆದುಕೊಳ್ಳಬೇಕಾದದ್ದು ಇಷ್ಟು: ತಾಂಡಾ ಯಾವುದು, ಹೊಲಿದವರು ಯಾರು, ಯಾವ ಮದುವೆಗೆ, ಆಮೇಲೆ ಯಾವ ಪಟ್ಟಿ ಬದಲಾಯಿತು.