ಮೇಲಿನಿಂದ ಇಳಿದ ಶಾಸ್ತ್ರ: ಪದವಿ ತರಗತಿಯ ಭಾಷಾವಿಜ್ಞಾನ ಮತ್ತು ಗಂಡಸಿಯ ‘ಆಲು’

ಕರ್ನಾಟಕದಲ್ಲಿ ಆಧುನಿಕ ಭಾಷಾವಿಜ್ಞಾನವು ಮೊದಲು ಸಂಶೋಧನೆಯ ಮಟ್ಟದಲ್ಲಿ ನೆಲೆಗೊಂಡು, ಆಮೇಲೆ ಪದವಿ ತರಗತಿಗೆ ಇಳಿದ ಶಾಸ್ತ್ರ. ಈ ಕ್ರಮವೇ ಪದವಿ ಪಠ್ಯದ ಸ್ವರೂಪವನ್ನು ರೂಪಿಸಿತೆಂಬುದು ನಮ್ಮ ವಾದ. ಅರಸೀಕೆರೆ ತಾಲ್ಲೂಕಿನ ಗಂಡಸಿ ಹೋಬಳಿಯಲ್ಲಿ ಕೇಳಿಬರುವ ಒಂದು ಪದದ ಮೂಲಕ ಇದನ್ನು ಪರಿಶೀಲಿಸುತ್ತೇವೆ.

1950ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ನೇತೃತ್ವದ ಬೇಸಿಗೆ ಶಿಬಿರಗಳು ಭಾರತೀಯ ಅಧ್ಯಾಪಕರಿಗೆ ವರ್ಣನಾತ್ಮಕ ಭಾಷಾವಿಜ್ಞಾನವನ್ನು ಪರಿಚಯಿಸಿದವು. ವಿಲಿಯಂ ಬ್ರೈಟ್ ಅವರ ಆಡುಗನ್ನಡದ ವರ್ಣನೆ 1958ರಲ್ಲಿ, ಯು.ಪಿ. ಉಪಾಧ್ಯಾಯರ ನಂಜನಗೂಡು ಕನ್ನಡದ ಅಧ್ಯಯನ 1968ರಲ್ಲಿ ಅದೇ ಕಾಲೇಜಿನಿಂದ ಪ್ರಕಟವಾದವು, ಎರಡೂ ಇಂಗ್ಲಿಷಿನಲ್ಲಿದ್ದವು. 1969ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನವೂ ಸಂಶೋಧನೆಗೆ ಮತ್ತು ಅಧ್ಯಾಪಕರ ತರಬೇತಿಗೆ ಮೀಸಲಾಗಿತ್ತು. ಬಿ.ಎ. ವಿದ್ಯಾರ್ಥಿಗೆ ಈ ಶಾಸ್ತ್ರ ಬಹುಮಟ್ಟಿಗೆ ದೊರೆತದ್ದು ಐಚ್ಛಿಕ ಕನ್ನಡದ ಒಂದು ಭಾಗವಾಗಿ, ಛಂದಸ್ಸು ಮತ್ತು ಕಾವ್ಯಮೀಮಾಂಸೆಗಳ ನೆರೆಯಲ್ಲಿ. ಎಂ. ಚಿದಾನಂದಮೂರ್ತಿಯವರ ‘ಭಾಷಾವಿಜ್ಞಾನದ ಮೂಲತತ್ವಗಳು’ ಮೊದಲಾದ ಕೃತಿಗಳು ಶಾಸ್ತ್ರದ ಪರಿಭಾಷೆಯನ್ನು ಕನ್ನಡಕ್ಕೆ ತಂದವು. ಆದರೆ ಕ್ಷೇತ್ರಕಾರ್ಯವು ಮೇಲಿನ ಹಂತದಲ್ಲೇ ಉಳಿಯಿತು.

ಇದರ ಪರಿಣಾಮವನ್ನು ಪಕಾರ-ಹಕಾರ ವ್ಯತ್ಯಯದ ಪಾಠದಲ್ಲಿ ಕಾಣಬಹುದು. ಹಳಗನ್ನಡದ ‘ಪಾಲ್’ ‘ಹಾಲು’ ಆಯಿತೆಂದು ವಿದ್ಯಾರ್ಥಿ ಕಲಿಯುತ್ತಾನೆ. ಅದಕ್ಕೆ ಬೇಕಾದ ಆಕರಗಳು ಗಂಡಸಿಯಿಂದ ದೂರವಿಲ್ಲ. ಸುಮಾರು 450ರದೆಂದು ಗಣಿಸಲಾದ ಹಲ್ಮಿಡಿ ಶಾಸನ ದೊರೆತದ್ದು ಬೇಲೂರು ತಾಲ್ಲೂಕಿನಲ್ಲಿ. ಅರಸೀಕೆರೆ, ಬೇಲೂರು ತಾಲ್ಲೂಕುಗಳ ಹೊಯ್ಸಳ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲೇ ‘ಎಪಿಗ್ರಾಫಿಯಾ ಕರ್ನಾಟಿಕ’ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದ್ದರು. ಬದಲಾವಣೆ ಅಲ್ಲಿಗೇ ನಿಲ್ಲಲಿಲ್ಲ. ಗಂಡಸಿಯೂ ಸೇರಿದಂತೆ ದಕ್ಷಿಣ ಕರ್ನಾಟಕದ ಗ್ರಾಮೀಣ ಆಡುಮಾತಿನಲ್ಲಿ ಹಲವರು ‘ಆಲು’ ಎನ್ನುತ್ತಾರೆ. ಪಕಾರವು ಹಕಾರವಾದುದು ಪಠ್ಯದಲ್ಲಿ ಧ್ವನಿನಿಯಮ; ಹಕಾರವು ಲೋಪವಾದುದು ತರಗತಿಯಲ್ಲಿ ಉಚ್ಚಾರಣದೋಷ. ಒಂದೇ ಸರಣಿಯ ಎರಡು ಹಂತಗಳಿಗೆ ಎರಡು ನ್ಯಾಯ.

ಡಿ.ಎನ್. ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಕನ್ನಡದ ರಚನೆಯನ್ನು ಕನ್ನಡದಿಂದಲೇ ವಿವರಿಸಬೇಕೆಂದು ವಾದಿಸಿತು. ಪದವಿ ಶಿಕ್ಷಣದ ಮಟ್ಟಿಗೆ ಈ ವಾದವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು: ವಿವರಣೆಯು ಕಲಿಯುವವನ ಮಾತಿನಿಂದ ತೊಡಗಬೇಕು. ಸ್ವತಂತ್ರ ಭಾಷಾವಿಜ್ಞಾನ ಪದವಿಗೆ ಅಧ್ಯಾಪಕರು ಬೇಕು, ಹುದ್ದೆಗಳು ಬೇಕು. ಅದು ನಿಧಾನದ ಕೆಲಸ. ಆದರೆ ಇರುವ ಪಠ್ಯದೊಳಗೇ ಕ್ರಮವನ್ನು ತಿರುಗಿಸಲು ಅವು ಬೇಕಿಲ್ಲ. ಮೊದಲ ವಾರ ವಿದ್ಯಾರ್ಥಿ ತನ್ನ ಮನೆಯ ‘ಆಲು’ವನ್ನು ದಾಖಲಿಸಲಿ; ‘ಹಾಲು’, ‘ಪಾಲ್’ಗಳಿಗೆ ಅಲ್ಲಿಂದ ಹಿಂದಕ್ಕೆ ಹೋಗಲಿ. ಹಾಗಾದಾಗ ತನ್ನ ಮಾತು ತಿದ್ದಿಸಿಕೊಳ್ಳಬೇಕಾದ ತಪ್ಪಲ್ಲ, ಆಧಾರವೆಂಬುದು ಅವನಿಗೆ ಸ್ನಾತಕೋತ್ತರ ಪದವಿಯವರೆಗೆ ಕಾಯದೆ ತಿಳಿಯುತ್ತದೆ.