ಹಿತ್ತಲ ಆಲೂಗಡ್ಡೆಗೆ ಜಲಂಧರದ ಬೀಜ

ಗೋವಿನಕೋವಿಯ ನಮ್ಮ ಹಿತ್ತಲಿನ ಅವರೆ, ಬದನೆ, ಹೀರೆಗೆ ಬೀಜ ಅಂತ ನಾವು ದುಡ್ಡು ಕೊಟ್ಟಿದ್ದಿಲ್ಲ. ಅಜ್ಜಿ ಬೂದಿ ಬೆರೆಸಿ ಎತ್ತಿಡುತ್ತಿದ್ದಳು. ಆಲೂಗಡ್ಡೆ ಮಾತ್ರ ಈ ಲೆಕ್ಕಕ್ಕೆ ಸಿಗಲಿಲ್ಲ. ಚಳಿ ಶುರುವಾಗುವ ಹೊತ್ತಿಗೆ ಕಣ್ಣಿರುವ ಹೋಳು ನೆಟ್ಟು, ಮಣ್ಣೇರಿಸಿದರೆ ಮೊದಲ ವರ್ಷ ಚೆನ್ನಾಗಿ ಬರುತ್ತದೆ. ಆ ಗಡ್ಡೆಯನ್ನೇ ಮತ್ತೆ ಮತ್ತೆ ನೆಟ್ಟರೆ ಎಲೆ ಮುರುಟಿ, ಗಡ್ಡೆ ಗೋಲಿ ಗಾತ್ರಕ್ಕಿಳಿಯುತ್ತದೆ. ಯಾಕೆ?

ಇದು ಆಂಡಿಸ್ ಬೆಟ್ಟದ ಬೆಳೆ ನೋಡಿ, ರಾತ್ರಿ ತಂಪಿದ್ದರೇ ಗಡ್ಡೆ ಕಟ್ಟುವುದು. ಭಾರತಕ್ಕೆ ತಂದವರು ಪೋರ್ಚುಗೀಸರು ಅನ್ನುತ್ತಾರೆ. ಉತ್ತರ ಕರ್ನಾಟಕದ 'ಬಟಾಟಿ' ಅವರ ಮಾತೇ. (ಆ ಹೆಸರು ಮೂಲದಲ್ಲಿ ಗೆಣಸಿನದು, ಅದು ಬೇರೆ ಕಥೆ!) ನಮ್ಮಂಥ ಬಿಸಿ ಸೀಮೆಯಲ್ಲಿ ಸಸ್ಯಹೇನು ಜಾಸ್ತಿ. ಅವು ಹರಡುವ ನಂಜುರೋಗ ಗಡ್ಡೆಯೊಳಗೇ ಕೂತು ಮುಂದಿನ ಬೆಳೆಗೂ ದಾಟುತ್ತದೆ. ಹಾಗಾಗಿ ಒಳ್ಳೆಯ ಬಿತ್ತನೆ ಗಡ್ಡೆ ಹಿಮಾಲಯದ ಬೆಟ್ಟಗಳಿಂದಲೇ ಬರಬೇಕಿತ್ತು.

1949ರಲ್ಲಿ ಪಟ್ನಾದಲ್ಲಿ ಶುರುವಾಗಿ 1956ರಲ್ಲಿ ಶಿಮ್ಲಾಕ್ಕೆ ಹೋದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಇದಕ್ಕೊಂದು ಉಪಾಯ ಹುಡುಕಿತು. ಉತ್ತರದ ಬಯಲಲ್ಲಿ ಅಕ್ಟೋಬರಿನಲ್ಲಿ ನೆಟ್ಟು, ಹೇನು ಏರುವ ಮೊದಲೇ ಗಿಡದ ಮೇಲ್ಭಾಗ ಕತ್ತರಿಸಿಬಿಡುವುದು. ಅಷ್ಟೇ! ಇದರಿಂದ ಪಂಜಾಬು ದೇಶಕ್ಕೇ ಬೀಜದ ಕಣಜವಾಯಿತು, ಹಾಸನದ ರೈತರು ಪ್ರತಿ ಮೇ ತಿಂಗಳು ಜಲಂಧರದ ಲಾರಿ ಕಾಯುವಂತಾಯಿತು.

1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ತಳಿ ಅಂಗಮಾರಿ ರೋಗ ತಡೆಯುತ್ತದೆಂದು ಹೆಸರು ಮಾಡಿತ್ತು. ಆ ಶಕ್ತಿ ಮುಂದೆ ಉಳಿಯಲಿಲ್ಲ. ಅಂಗಮಾರಿಯೂ ಗಡ್ಡೆಯೊಳಗೇ ಪ್ರಯಾಣ ಮಾಡುತ್ತದೆ. ಹಿತ್ತಲಲ್ಲಿ ನಾಲ್ಕು ಸಾಲು ಕೊಳೆತರೆ ನನಗೆ ಒಂದು ಸಾರಿನ ನಷ್ಟ. ಸಾಲ ಮಾಡಿ ಮೂಟೆಗಟ್ಟಲೆ ಬೀಜ ಕೊಂಡ ಹಾಸನದವನಿಗೆ ಇಡೀ ವರ್ಷವೇ ಹೋಯಿತು.